ಥಾಣೆಯ ಪೇಟೆಂಟ್ ವ್ಯಾಜ್ಯಗಳಿಗೆ ವಿಜ್ಞಾನದ ಬೆಂಬಲವುಳ್ಳ ಪೀಠ ಬೇಕು

1970ರ ಪೇಟೆಂಟ್ ಕಾಯ್ದೆಯ 104ನೇ ಕಲಮಿನ ಪ್ರಕಾರ ಪೇಟೆಂಟ್ ಉಲ್ಲಂಘನೆಯ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ಯಾವ ನ್ಯಾಯಾಲಯದಲ್ಲಿಯೂ ಹೂಡುವಂತಿಲ್ಲ. ಬೃಹನ್ಮುಂಬಯಿಯ ಎಲ್ಲೆಯೊಳಗೆ ಬಾಂಬೆ ಹೈಕೋರ್ಟಿಗೆ ಮೂಲ ಸಿವಿಲ್ ಅಧಿಕಾರ, ಎಂದರೆ ದಾವೆಯನ್ನು ಮೊದಲ ಹಂತದಲ್ಲಿ ತಾನೇ ವಿಚಾರಿಸುವ ಅಧಿಕಾರ, ಇರುವುದರಿಂದ ಮುಲುಂಡಿನ ತಯಾರಕನ ಮೇಲಿನ ದಾವೆಯನ್ನು ಹೈಕೋರ್ಟಿನ ವಾಣಿಜ್ಯ ವಿಭಾಗದಲ್ಲಿಯೇ ಹೂಡಬಹುದು. ಅಲ್ಲಿಂದ ಕೂಗಳತೆಯಲ್ಲಿರುವ ಥಾಣೆಯ ವಾಗ್ಳೆ ಎಸ್ಟೇಟಿನ, ಇನ್ನಷ್ಟು ಆಚೆಗಿನ ಕಲ್ಯಾಣ್, ಡೊಂಬಿವಲಿ, ನವಿಮುಂಬಯಿಗಳ ತಯಾರಕರ ಮೇಲಿನ ದಾವೆಯಾದರೆ ಜಿಲ್ಲಾ ಮಟ್ಟದ ವಾಣಿಜ್ಯ ನ್ಯಾಯಾಲಯದ ಪಾಲಿಗೆ ಬರುತ್ತದೆ. ಕರ್ನಾಟಕ ಹೈಕೋರ್ಟಿಗೆ ಇಂಥ ಮೂಲ ಅಧಿಕಾರವಿಲ್ಲದೆ ಬೆಂಗಳೂರಿನ ಪೇಟೆಂಟ್ ದಾವೆಗಳು ನಗರ ಸಿವಿಲ್ ನ್ಯಾಯಾಲಯದ ಮುಂದೆ ಬರುವುದರಿಂದ, ಥಾಣೆಯ ಪ್ರಶ್ನೆ ಕನ್ನಡ ಓದುಗರಿಗೆ ದೂರದ್ದೇನಲ್ಲ.

ಜಿಲ್ಲಾ ನ್ಯಾಯಾಧೀಶರ ಸಾಮರ್ಥ್ಯವನ್ನು ಇಲ್ಲಿ ಯಾರೂ ಶಂಕಿಸಬೇಕಾಗಿಲ್ಲ. ಬ್ಯಾಂಕ್ ಸಾಲ ವಸೂಲಿಯಿಂದ ಭೂಸ್ವಾಧೀನದವರೆಗೆ ಹತ್ತಾರು ಬಗೆಯ ಪ್ರಕರಣಗಳನ್ನು ನೋಡುತ್ತ, ಕೆಲವು ವರ್ಷಗಳಿಗೊಮ್ಮೆ ವರ್ಗವಾಗುತ್ತ ಹೋಗುವ ನ್ಯಾಯಾಧೀಶರಿಗೆ ರಾಸಾಯನಿಕ ಪ್ರಕ್ರಿಯೆಯೊಂದರ ಪೇಟೆಂಟಿನ ಎಲ್ಲೆಯನ್ನು ಅಳೆಯುವ ಅನುಭವ ಕೂಡಿಬರಲು ವ್ಯವಸ್ಥೆಯೇ ಎಡೆಗೊಡುವುದಿಲ್ಲ ಎಂಬುದು ಆಕ್ಷೇಪ. ಈ ಕೊರತೆಯ ಬೆಲೆಯನ್ನು ತೆರುವವರು ಸಣ್ಣ ತಯಾರಕರು.

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿಯೂ ಥಾಣೆ–ಬೇಲಾಪುರ ಪಟ್ಟಿಯಲ್ಲಿಯೂ ಬಣ್ಣ, ಔಷಧ ಮತ್ತು ಅವುಗಳ ಮಧ್ಯವರ್ತಿ ರಾಸಾಯನಿಕಗಳ ಉದ್ಯಮ ಬೆಳೆದದ್ದು, ಔಷಧದಂಥ ವಸ್ತುವಿಗೆ ಪೇಟೆಂಟ್ ಕೊಡದೆ ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿದ್ದ ಕಾಲದಲ್ಲಿ. ಒಂದೇ ವಸ್ತುವಿಗೆ ಬೇರೆ ದಾರಿ ಹುಡುಕುವುದೇ ಆಗಿನ ಜಾಣ್ಮೆಯಾಗಿತ್ತು. 2005ರ ಜನವರಿ 1ರಿಂದ ವಸ್ತುವಿನ ಪೇಟೆಂಟ್ ಮರಳಿತು. ವಿಧಾನದ ಪೇಟೆಂಟಿನ ವಿಷಯದಲ್ಲಿ ಸಹ, 104ಎ ಕಲಮಿನ ಷರತ್ತುಗಳು ಪೂರೈಸಿದರೆ, ತನ್ನ ವಿಧಾನ ಬೇರೆಯದೆಂದು ಸಾಬೀತುಪಡಿಸುವ ಹೊಣೆಯನ್ನು ನ್ಯಾಯಾಲಯ ಪ್ರತಿವಾದಿಯ ಹೆಗಲಿಗೇರಿಸಬಹುದು. ಹಾಗೆ ಸಾಬೀತುಪಡಿಸಹೊರಟವನು ತನ್ನ ತಯಾರಿಕೆಯ ಗುಟ್ಟನ್ನು ಬಿಚ್ಚಿಡಬೇಕಾಗುತ್ತದೆ; ಅಸಮಂಜಸವೆನಿಸಿದಾಗ ಅಂಥ ಗುಟ್ಟನ್ನು ಹೊರಗೆಡಹುವಂತೆ ನ್ಯಾಯಾಲಯ ಒತ್ತಾಯಿಸಬಾರದೆಂದು ಅದೇ ಕಲಮು ಹೇಳುತ್ತದಾದರೂ, ಎಷ್ಟು ತೆರೆದರೆ ಸಾಕು, ಯಾವುದು ಗುಟ್ಟು, ಯಾವುದು ಎಲ್ಲರಿಗೂ ತಿಳಿದ ರಸಾಯನಶಾಸ್ತ್ರ ಎಂದು ಗೆರೆ ಎಳೆಯಲು ವಿಷಯ ಬಲ್ಲವರ ನೆರವು ಬೇಕೇಬೇಕು.

ಮಧ್ಯಸ್ಥಿಕೆಯಲ್ಲಿ ಗುಟ್ಟು ಹೊರಬೀಳುವ ಅಪಾಯ ಇನ್ನೂ ಹೆಚ್ಚು. ತುರ್ತು ಮಧ್ಯಂತರ ಪರಿಹಾರ ಕೇಳದ ವಾಣಿಜ್ಯ ದಾವೆಯನ್ನು ಹೂಡುವ ಮುನ್ನ ಮಧ್ಯಸ್ಥಿಕೆಗೆ ಹೋಗಲೇಬೇಕೆಂದು ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಗೆ 2018ರ ತಿದ್ದುಪಡಿ ತಂದ 12ಎ ಕಲಮು ವಿಧಿಸುತ್ತದೆ. ಇದು ಕಡ್ಡಾಯವೆಂದು ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿತು. ಆದರೆ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಿಂದ ಬರುವ ಮಧ್ಯಸ್ಥಗಾರರಿಗೆ ವ್ಯಾಜ್ಯದ ತಾಂತ್ರಿಕ ಕ್ಷೇತ್ರದ ಪರಿಚಯವಿರಬೇಕೆಂದು 2018ರ ನಿಯಮಗಳು ಎಲ್ಲಿಯೂ ಕೇಳುವುದಿಲ್ಲ. ಗೋಪ್ಯತೆಯ ನಿಯಮವಿದ್ದರೂ ಸಂಧಾನದ ಕೋಣೆಯಲ್ಲಿ ಎದುರಾಳಿಯ ತಂತ್ರಜ್ಞ ಒಮ್ಮೆ ಕೇಳಿಸಿಕೊಂಡದ್ದನ್ನು ಮರೆಯಲಾರ. ದುರ್ಬಲ ಪೇಟೆಂಟನ್ನು ರದ್ದುಪಡಿಸುವ ಅಧಿಕಾರ ಮಧ್ಯಸ್ಥಗಾರರಿಗಿಲ್ಲವಾದ್ದರಿಂದ, ಇಬ್ಬರು ರಾಜಿಯಾದರೆ ಅನರ್ಹ ಪೇಟೆಂಟ್ ಉಳಿದ ತಯಾರಕರ ಮೇಲೆ, ಕೊನೆಗೆ ಔಷಧ ಕೊಳ್ಳುವ ರೋಗಿಯ ಮೇಲೆ, ಹಾಗೆಯೇ ಉಳಿಯುತ್ತದೆ. ಇನ್ನೊಂದೆಡೆ, ಮುಂದುವರಿಯುತ್ತಲೇ ಇರುವ ಉಲ್ಲಂಘನೆಯ ದೂರಿನಲ್ಲಿ ತುರ್ತು ಅಂತರ್ಗತವಾಗಿದೆಯೆಂದು ಸುಪ್ರೀಂ ಕೋರ್ಟಿನ 2025ರ ಅಕ್ಟೋಬರಿನ ನೊವೆಂಕೊ ತೀರ್ಪು ಹೇಳಿರುವುದರಿಂದ, ಬಲಾಢ್ಯ ವಾದಿ ಮಾತುಕತೆಯನ್ನು ಬಿಟ್ಟು ನೇರವಾಗಿ ತಡೆಯಾಜ್ಞೆ ಕೇಳುವ ದಾರಿಯೂ ಸುಗಮವಾಗಿದೆ.

ಪ್ರತಿವಾದಿ ಪೇಟೆಂಟೇ ಅಸಿಂಧುವೆಂದು ರದ್ದತಿಯ ಪ್ರತಿದಾವೆ ಹಾಕಿದ ಕೂಡಲೇ ಇಡೀ ಪ್ರಕರಣ ಹೈಕೋರ್ಟಿಗೆ ವರ್ಗವಾಗುತ್ತದೆ. ಪೇಟೆಂಟ್ ಕಾಯ್ದೆಯ 107ನೇ ಕಲಮಿನಂತೆ ಅದೇ ಕಾರಣಗಳನ್ನು ಬರೀ ರಕ್ಷಣೆಯಾಗಿ ಮುಂದಿಟ್ಟರೆ ವರ್ಗವಾಗುವುದಿಲ್ಲ, ಪೇಟೆಂಟೂ ಬೀಳುವುದಿಲ್ಲ. ತಾಂತ್ರಿಕ ಸದಸ್ಯರಿದ್ದ ಬೌದ್ಧಿಕ ಸ್ವತ್ತು ಮೇಲ್ಮನವಿ ಮಂಡಳಿಯನ್ನು 2021ರಲ್ಲಿ ರದ್ದುಪಡಿಸಿದ ಸರ್ಕಾರ ಅವರ ಜಾಗಕ್ಕೆ ಯಾರನ್ನೂ ತರಲಿಲ್ಲ. ಅದೇ ವರ್ಷ ಬೌದ್ಧಿಕ ಸ್ವತ್ತು ವಿಭಾಗ ತೆರೆದ ದೆಹಲಿ ಹೈಕೋರ್ಟ್ ಪೇಟೆಂಟ್‌ದಾರರನ್ನು ಸೆಳೆಯುತ್ತಿದೆ. ಸರಕು ದೆಹಲಿಯಲ್ಲಿ ಮಾರಾಟವಾದರೆ ದಾವೆಯನ್ನು ಅಲ್ಲಿಯೇ ಹೂಡಬಹುದಾದ್ದರಿಂದ ಡೊಂಬಿವಲಿಯ ತಯಾರಕ ದೆಹಲಿಗೆ ಅಲೆಯಬೇಕಾಗುತ್ತದೆ.

ಜರ್ಮನಿಯಲ್ಲಿ ದೇಶದ ರಾಜಧಾನಿಯಲ್ಲದ ಡ್ಯೂಸೆಲ್‌ಡಾರ್ಫ್, ಮಾನ್‌ಹೈಮ್ ನಗರಗಳ ಪ್ರಾದೇಶಿಕ ನ್ಯಾಯಾಲಯಗಳು, ಪೇಟೆಂಟ್ ದಾವೆಗಳನ್ನು ಆಯ್ದ ಪೀಠಗಳಿಗೆ ಒಪ್ಪಿಸಿ, ಯುರೋಪಿನಲ್ಲಿಯೇ ಹೆಸರಾದವು. ಥಾಣೆಗೆ ಹೊಸ ಕಾನೂನೂ ಬೇಕಿಲ್ಲ. ನ್ಯಾಯಾಲಯಕ್ಕೆ ಸ್ವತಂತ್ರ ವೈಜ್ಞಾನಿಕ ಸಲಹೆಗಾರರನ್ನು ನೇಮಿಸಿಕೊಳ್ಳುವ ಅಧಿಕಾರವನ್ನು 115ನೇ ಕಲಮು ಈಗಾಗಲೇ ಕೊಟ್ಟಿದೆ. ಮಾಟುಂಗಾದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯೂ ಪವಾಯಿಯ ಐಐಟಿಯೂ ರೈಲು ದಾರಿಯ ದೂರದಲ್ಲಿವೆ. ಮಹಾರಾಷ್ಟ್ರ ಸರ್ಕಾರವೂ ಬಾಂಬೆ ಹೈಕೋರ್ಟೂ ಒಂದುಗೂಡಿ ಥಾಣೆಯ ವಾಣಿಜ್ಯ ನ್ಯಾಯಾಲಯದಲ್ಲಿ ದೀರ್ಘ ಅವಧಿಯ, ತರಬೇತಿ ಪಡೆದ ನ್ಯಾಯಾಧೀಶರ ಪೀಠವೊಂದನ್ನು ಗೊತ್ತುಪಡಿಸಬೇಕು, ಮಧ್ಯಸ್ಥಗಾರರ ಜೊತೆಗೆ ವಿಷಯತಜ್ಞರು ಕೂರುವುದನ್ನು ನಿಯಮವಾಗಿಸಬೇಕು, ಎರಡೂ ಪಕ್ಷಗಳ ಮಾತು ಕೇಳದೆ ಕಾರ್ಖಾನೆ ನಿಲ್ಲಿಸುವ ಆಜ್ಞೆಯನ್ನು ಅಪವಾದಕ್ಕೆ ಸೀಮಿತಗೊಳಿಸಬೇಕು.

ಇಷ್ಟು ಕಡಿಮೆ ದಾವೆಗಳಿಗೆ ಇಷ್ಟೆಲ್ಲ ಏರ್ಪಾಡು ಏಕೆ ಎಂಬ ಆಕ್ಷೇಪ ಬಂದೇಬರುತ್ತದೆ. ಹೂಡಿದ ದಾವೆಗಳನ್ನಷ್ಟೇ ಎಣಿಸುವ ಆ ಲೆಕ್ಕದಲ್ಲಿ, ದೂರದ ನ್ಯಾಯಾಲಯದ ಖರ್ಚಿಗೂ ತಡೆಯಾಜ್ಞೆಯ ಭಯಕ್ಕೂ ಮಣಿದು, ನೋಟಿಸು ಕೈಸೇರಿದ ವಾರವೇ ಯಂತ್ರ ನಿಲ್ಲಿಸಿ ಕಾರ್ಮಿಕರನ್ನು ಮನೆಗೆ ಕಳಿಸುವ ತಯಾರಕನಿಗೆ ಜಾಗವಿಲ್ಲ.