ಡಿಎಲ್ ಜೊತೆಗೆ ವಿಮೆಯ ಚೀಟಿಯೂ ಸಿಗಲಿ



ನನ್ನ ಮಗ ಈಚೆಗೆ ಬೈಕ್ ಪರೀಕ್ಷೆ ಪಾಸಾದ. ಕಾಲು ನೆಲಕ್ಕೂರದೆ ‘ಎಂಟು’ ಹಾಕಿ ಬಂದವನ ಖುಷಿ ಹೇಳತೀರದು. ಅದೇ ವಾರ ಪರಿಚಯದವರಿಂದ ಕೆಎ-37ರ ಹಳೆಯ ಬೈಕ್ ಕೊಂಡೆವು. “ಟ್ಯಾಕ್ಸ್ ಎಷ್ಟು ಕಟ್ಟಬೇಕಪ್ಪಾ?” ಎಂದ. ನಮ್ಮ ರಾಜ್ಯದಲ್ಲಿ ಬೈಕಿಗೆ ಜೀವಾವಧಿ ತೆರಿಗೆ, ನೋಂದಣಿಯಾಗುವಾಗಲೇ ಕಟ್ಟಿರುತ್ತಾರೆ. ಅದರ ಚಿಂತೆ ಇರಲಿಲ್ಲ. ಆದರೆ ಸೀಟಿನಡಿ ಪ್ಲಾಸ್ಟಿಕ್ ಚೀಲದಲ್ಲಿದ್ದ ವಿಮೆ ಕಾಗದ ಬಿಡಿಸಿ ನೋಡಿದರೆ ಮಡಿಕೆಯಲ್ಲಿ ಅಕ್ಷರ ಅಳಿಸಿತ್ತು, ಅವಧಿ ತೀರಿ ಎಂಟು ತಿಂಗಳಾಗಿತ್ತು.

2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಬರುತ್ತದೆ. ಐದು ವರ್ಷ ಮುಗಿದದ್ದು ಬಹಳ ಜನಕ್ಕೆ ನೆನಪೇ ಇರುವುದಿಲ್ಲ. 75ರಿಂದ 150 ಸಿಸಿ ಬೈಕಿಗೆ 2022ರಲ್ಲಿ ನಿಗದಿಯಾದ ಕಂತು ವರ್ಷಕ್ಕೆ 714 ರೂಪಾಯಿ, ಜಿಎಸ್‌ಟಿ ಬೇರೆ. ವಿಮೆಯಿಲ್ಲದೆ ಸಿಕ್ಕಿಬಿದ್ದರೆ ದಂಡ ಬೀಳುತ್ತದೆ. ದಂಡವನ್ನಾದರೂ ಕಟ್ಟಬಹುದು. ಸುಗ್ಗಿಯಲ್ಲಿ ಭತ್ತದ ಲಾರಿ, ಟ್ರ್ಯಾಕ್ಟರ್ ತುಂಬಿದ ನಮ್ಮ ರಸ್ತೆಗಳಲ್ಲಿ ಯಾರಿಗಾದರೂ ಬೈಕ್ ಬಡಿದರೆ, ಪರಿಹಾರಕ್ಕೆ ಹೊಲವನ್ನೇ ಮಾರಬೇಕಾದೀತು.

ಬೈಕ್ ಕೈ ಬದಲಾದ 14 ದಿನದೊಳಗೆ ವಿಮೆಯಲ್ಲಿ ಹೆಸರು ಬದಲಿಸಲು ಅರ್ಜಿ ಕೊಡಬೇಕು ಎಂಬುದೂ ನಮಗೆ ಆಗಲೇ ಗೊತ್ತಾದದ್ದು. ಮಗನ ಕೈಗೆ ಕೀಲಿ ಕೊಟ್ಟದ್ದು ಹೊಸ ವಿಮೆ ಮಾಡಿಸಿದ ಮೇಲೆಯೇ. ಆರ್‌ಟಿಒ ಕಚೇರಿಗಳು ಪರೀಕ್ಷೆ ಪಾಸಾದವರಿಗೆ ಇವನ್ನೆಲ್ಲ ಕನ್ನಡದ ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಕೊಡಲಿ.

— ಓದುಗ, ಗಂಗಾವತಿ