ಶರಾಕು ಮರೆಮಾಚದ ಮುಖ

ಜಪಾನಿನ ಕಬುಕಿ ರಂಗಭೂಮಿಯ ನಟರ ಸ್ತ್ರೀವೇಷವನ್ನು ತೋರುವ ಮರದಚ್ಚು ಚಿತ್ರಗಳ ಮಾತು ಬಂದಾಗ ಚಿತ್ರಕಾರ ಶರಾಕುವಿನ ಮೇಲೆ ಒಂದು ದೂರು ಕೇಳಿಬರುತ್ತದೆ: ಹೆಣ್ಣಾಗಿ ನಿಂತ ನಟನೊಳಗಿನ ಗಂಡಸನ್ನು ತೋರಿಸಿ ಆತ ರಂಗದ ಮಾಯೆಯನ್ನೇ ಕೆಡಿಸಿದ, ಜನ ಅದಕ್ಕೇ ಒಲ್ಲೆ ಎಂದರು. ನನಗೆ ಇದು ಒಪ್ಪಿಗೆಯಿಲ್ಲ. ಎಡೋ ನಗರದ ಪ್ರೇಕ್ಷಕರು ಅಂಥ ಮಾಯೆಗೆ ಎಂದೂ ಹಣ ಕೊಟ್ಟವರಲ್ಲ. 1629ರಲ್ಲಿ ಹೆಂಗಸರನ್ನು, 1652ರಲ್ಲಿ ಎಳೆಯ ಹುಡುಗರನ್ನು ಸರ್ಕಾರ ರಂಗದಿಂದ ಹೊರಗಿಟ್ಟಿತು. ಉಳಿದ ನಟರು ಮುಂದಲೆ ಬೋಳಿಸಲೇಬೇಕಾಯಿತು. ಸ್ತ್ರೀವೇಷದವರು ಆ ಬೋಳನ್ನು ನೇರಳೆ ಬಟ್ಟೆಯ ತುಂಡಿನಿಂದ ಮುಚ್ಚಿಕೊಂಡರು. ಚಿತ್ರಕಾರರು ಆ ಬಟ್ಟೆಯನ್ನು ಅಳಿಸಲಿಲ್ಲ, ಅಚ್ಚುಕಟ್ಟಾಗಿ ಬಿಡಿಸಿದರು. ಉಡುಪಿನ ಮೇಲೆ ನಟನ ಮನೆತನದ ಲಾಂಛನವೂ ಇರುತ್ತಿತ್ತು. ಟೋರಿ ಪರಂಪರೆಯ ಹಳೆಯ ಚಿತ್ರಗಳಲ್ಲಿ ಮುಖಗಳೆಲ್ಲ ಒಂದೇ ಬಗೆ, ನಟನ ಗುರುತು ಲಾಂಛನದಿಂದಲೇ. 1760ರ ದಶಕದಲ್ಲಿ ಚಿತ್ರಕಾರ ಕಟ್ಸುಕಾವಾ ಶುನ್ಶೋ ಒಬ್ಬೊಬ್ಬ ನಟನ ಮುಖವನ್ನೇ ಬರೆಯತೊಡಗಿದ. ಅಂದರೆ ಶರಾಕುವಿಗಿಂತ ಬಹಳ ಮೊದಲೇ ಕೊಳ್ಳುವವರು ಹೆಣ್ಣಿನ ಪಾತ್ರವನ್ನೂ ಅದನ್ನು ಮಾಡುವ ಗಂಡಸನ್ನೂ ಒಟ್ಟಿಗೇ ನೋಡುತ್ತಿದ್ದರು.

ಸ್ತ್ರೀವೇಷದ ನಟ ದಿನನಿತ್ಯದಲ್ಲೂ ಹೆಣ್ಣಿನಂತೆಯೇ ಬಾಳಬೇಕೆಂದು ಸ್ತ್ರೀವೇಷಕ್ಕೆ ಹೆಸರಾದ ನಟ ಯೊಶಿಜಾವಾ ಅಯಾಮೆ ಹೇಳಿದ್ದನಲ್ಲ ಎಂದು ಕೇಳಬಹುದು. ಹೇಳಿದ್ದು ನಿಜ. ಆದರೆ ಅದು ನಟರಿಗೆ ಕೊಟ್ಟ ಪಾಠ. ಚಿತ್ರ ಕೊಳ್ಳುವವನು ಕಣ್ಣು ಮುಚ್ಚಿಕೊಳ್ಳಬೇಕೆಂಬ ಕಟ್ಟಳೆಯಲ್ಲ. ಆ ಸಾಧನೆಯನ್ನು ಮೆಚ್ಚಬೇಕಾದರೂ ವೇಷದ ಹಿಂದೆ ಯಾರಿದ್ದಾರೆಂಬುದು ಗೊತ್ತಿರಬೇಕು.

ಹಾಗಾದರೆ 1794ರಲ್ಲಿ ಕಾಣಿಸಿಕೊಂಡ ಶರಾಕು ಹತ್ತೇ ತಿಂಗಳಲ್ಲಿ ಮರೆಯಾದದ್ದೇಕೆ? ನಿಜವನ್ನು ಅತಿಯಾಗಿ ಬರೆಯಹೋದ ಎಂದು ಆ ಕಾಲದ ಲೇಖಕ ಓಟಾ ನಾನ್ಪೊ ಬರೆದಿಟ್ಟಿದ್ದಾನೆ. ಯಾವ ನಿಜ ಎಂಬುದೇ ಪ್ರಶ್ನೆ. ಶರಾಕು ಬರೆದ, ಓಶಿಜು ಎಂಬ ಸ್ತ್ರೀಪಾತ್ರದ ಮೂರನೆಯ ಸೆಗಾವಾ ಕಿಕುನೊಜೊನನ್ನು ನೋಡಿ: ನಲವತ್ತು ದಾಟಿದ ನಟ, ತುಂಬಿದ ಕೆನ್ನೆ, ತೂಗುವ ಗದ್ದ. ಪುರುಷ ಪಾತ್ರಗಳಲ್ಲೂ ಶರಾಕು ಮೂಗು, ಸುಕ್ಕು, ಪಿಳಿಗಣ್ಣು ಯಾವುದಕ್ಕೂ ರಿಯಾಯಿತಿ ತೋರಲಿಲ್ಲ. ಅದೇ ಕಾಲದಲ್ಲಿ ಇನ್ನೊಬ್ಬ ಚಿತ್ರಕಾರ ಟೊಯೊಕುನಿಯೂ ನಟರ ಮುಖಗಳನ್ನು ಗುರುತು ಸಿಗುವಂತೆ, ಆದರೆ ತಿದ್ದಿ ತೀಡಿ ಬರೆದ. ದಶಕಗಳ ಕಾಲ ಗೆದ್ದ. ಅಭಿಮಾನಿಗಳಿಗೆ ಇರಿಸುಮುರಿಸಾಗಿದ್ದರೆ ಅದು ನೆಚ್ಚಿನ ನಟನ ಮುಪ್ಪು ಕಂಡು. ಆತ ಗಂಡಸೆಂಬುದು ಅವರಿಗೆ ಹೊಸ ಸುದ್ದಿಯೇ ಅಲ್ಲ. ಮಾಯೆ ಕೆಡಿಸಿದನೆಂಬ ಆರೋಪ ನಿಲ್ಲುವುದಿಲ್ಲ. ಮುಖಸ್ತುತಿ ಮಾಡಲಿಲ್ಲ ಎಂಬುದಷ್ಟೇ ಶರಾಕುವಿನ ತಪ್ಪು.