ಹಳೆಯ ಹಾಯಿದೋಣಿ, ಡೀಸೆಲ್ ಎಂಜಿನ್: ಫಾರ್ವರ್ಡ್‌ಗಳಲ್ಲಿ ಬರುವ ಏಳು ಮಾತುಗಳಲ್ಲಿ ನಿಜ ಎಷ್ಟು?

"ಕಾರಿನ ಬೆಲೆಗೆ ಹಳೆಯ ಹಾಯಿದೋಣಿ ಕೊಳ್ಳಿ. ಗಾಳಿ ಪುಕ್ಕಟೆ, ಬಾಡಿಗೆ ಕಟ್ಟುವಂತಿಲ್ಲ, ಜಗತ್ತು ಸುತ್ತುತ್ತಾ ಬದುಕಿ." ಇಂಥ ವಿಡಿಯೋಗಳನ್ನು ನೀವೂ ನೋಡಿರಬಹುದು. ನೀಲಿ ಕಡಲು, ಬಿಳಿ ಹಾಯಿ, ನಗುವ ದಂಪತಿ. ದೋಣಿಯ ತಳದಲ್ಲಿ ಮೊಣಕಾಲೂರಿ ಎಣ್ಣೆ ಒರೆಸುವ ದೃಶ್ಯ ಮಾತ್ರ ಕಾಣುವುದು ಕಡಿಮೆ.

ಯುರೋಪ್, ಅಮೆರಿಕಗಳಲ್ಲಿ ಹಳೆಯ ಹಾಯಿದೋಣಿಗಳು ಅಗ್ಗಕ್ಕೆ ಸಿಗುವುದು ನಿಜ. 1970–80ರ ದಶಕಗಳಲ್ಲಿ ಅಲ್ಲಿ ಫೈಬರ್ ದೋಣಿಗಳು ದೊಡ್ಡ ಸಂಖ್ಯೆಯಲ್ಲಿ ತಯಾರಾದವು. ಅವುಗಳ ಹೊರಮೈ ಇಂದಿಗೂ ಗಟ್ಟಿಯಾಗಿದೆ. ಆದರೆ ಒಳಗಿನ ಎಂಜಿನ್, ಪೈಪು, ವೈರು, ತಂತಿಗಳಿಗೆ ಅಷ್ಟು ಆಯುಸ್ಸಿಲ್ಲ. ಬೆಲೆ ಕಡಿಮೆಯಾಗಲು ಕಾರಣವೂ ಅದೇ. ಈ ವಿಷಯದಲ್ಲಿ ಓಡಾಡುವ ಏಳು ಮಾತುಗಳನ್ನು ಒಂದೊಂದಾಗಿ ನೋಡೋಣ. ದೋಣಿ ಕೊಳ್ಳುವ ಯೋಚನೆ ಇಲ್ಲದವರಿಗೂ ಇದರಲ್ಲಿ ಕೆಲಸಕ್ಕೆ ಬರುವ ಸಂಗತಿಗಳಿವೆ. ಏಕೆಂದರೆ ಡೀಸೆಲ್, ಬ್ಯಾಟರಿ, ಗ್ಯಾಸ್ ಸಿಲಿಂಡರ್‌ಗಳ ವಿಜ್ಞಾನ ಕಡಲಿನಲ್ಲೂ ಮನೆಯಲ್ಲೂ ಒಂದೇ.

1. "ಹಾಯಿ ಇದ್ದ ಮೇಲೆ ಎಂಜಿನ್ ಏಕೆ?"

ಅರ್ಧ ನಿಜ. ಎಂಜಿನ್ ಇಲ್ಲದೆ ಸಾಗುವ ಹಡಗುಗಳು ಇಂದಿಗೂ ಇವೆ. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ, ಹಲಗೆಗಳನ್ನು ಹಗ್ಗದಿಂದ ಹೊಲಿದು ಕಟ್ಟಿದ 'ಕೌಂಡಿನ್ಯ'ದಲ್ಲಿ ಎಂಜಿನ್ ಇಲ್ಲ. ಆದರೆ ಅದನ್ನು ನಡೆಸಲು ತರಬೇತಿ ಪಡೆದ ದೊಡ್ಡ ತಂಡವೇ ಇದೆ. ಇಬ್ಬರೇ ಇರುವ ಸಣ್ಣ ದೋಣಿಯ ಸ್ಥಿತಿ ಬೇರೆ. ಗಾಳಿ ಸತ್ತು ಅಲೆ ದಡದತ್ತ ತಳ್ಳುವಾಗ, ಇಕ್ಕಟ್ಟಾದ ಬಂದರಿನೊಳಗೆ ತಿರುಗುವಾಗ, ನೀರಿಗೆ ಬಿದ್ದವರ ಬಳಿಗೆ ಹಿಂದಿರುಗುವಾಗ ಎಂಜಿನ್ ಬೇಕೇ ಬೇಕು.

ಪೆಟ್ರೋಲ್ ಬದಲು ಡೀಸೆಲ್ ಏಕೆ? ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ. ಮುಚ್ಚಿದ ದೋಣಿಯ ತಳದಲ್ಲಿ ಅದು ಶೇಖರವಾಗಿ ಕೂರುತ್ತದೆ, ಒಂದು ಕಿಡಿ ಸಾಕು. ಡೀಸೆಲ್ ಅಷ್ಟು ಆವಿ ಬಿಡಲು ಸಾಮಾನ್ಯವಾಗಿ 50 ಡಿಗ್ರಿಗಿಂತ ಹೆಚ್ಚಿನ ಶಾಖ ಬೇಕು. ಹಾಗೆಂದು ಡೀಸೆಲ್ ನಿರಪಾಯವೇನಲ್ಲ. ಪೈಪು ಬಿರುಕು ಬಿಟ್ಟು, ಸಣ್ಣ ಹನಿಗಳಾಗಿ ಕಾದ ಎಂಜಿನ್ ಮೇಲೆ ಸಿಡಿದರೆ ಅದೂ ಹೊತ್ತಿಕೊಳ್ಳುತ್ತದೆ.

ಇನ್ನೊಂದು ವಿಷಯ: ಎಂಜಿನ್ ಬಲದಿಂದ ಸಾಗುತ್ತಿದ್ದರೆ, ಹಾಯಿ ಏರಿಸಿದ್ದರೂ ಅಂತರರಾಷ್ಟ್ರೀಯ ಕಡಲ ನಿಯಮದ ಪ್ರಕಾರ ಅದು ಯಂತ್ರದೋಣಿಯೇ. ಹಾಯಿದೋಣಿಗೆ ಸಿಗುವ ರಿಯಾಯಿತಿ ಆಗ ಸಿಗದು.

2. "ದೊಡ್ಡ ಎಂಜಿನ್ ಹಾಕಿದರೆ ದೋಣಿ ಹಾರುತ್ತದೆ"

ತಪ್ಪು. ಭಾರವಾದ ಹಾಯಿದೋಣಿ ಸಾಗುವಾಗ ತನ್ನದೇ ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾದ ಮೇಲೆ ಮುಂದೆ ಹೋಗುವುದೆಂದರೆ ದಿಬ್ಬ ಹತ್ತಿದ ಹಾಗೆ. ನೀರಿಗೆ ತಾಗುವ ಉದ್ದ 25 ಅಡಿ ಇದ್ದರೆ ಗರಿಷ್ಠ ವೇಗ ಸುಮಾರು 6.7 ನಾಟ್, ಅಂದರೆ ಗಂಟೆಗೆ 12 ಕಿಲೋಮೀಟರ್ ಚಿಲ್ಲರೆ. ನಮ್ಮೂರಿನ ಸೈಕಲ್ ವೇಗ! ಅದರಾಚೆ ಎಷ್ಟು ಡೀಸೆಲ್ ಸುಟ್ಟರೂ ಲಾಭ ಅತ್ಯಲ್ಪ. 30 ಅಡಿ ದೋಣಿಗೆ ಸಾಮಾನ್ಯವಾಗಿ 15ರಿಂದ 30 ಅಶ್ವಶಕ್ತಿ ಸಾಕಾಗುವುದು ಈ ಕಾರಣಕ್ಕೆ.

3. "ಪೆಟ್ರೋಲ್ ಕೆಡಬಹುದು, ಡೀಸೆಲ್ ಎಷ್ಟು ವರ್ಷ ಇಟ್ಟರೂ ಕೆಡುವುದಿಲ್ಲ"

ತಪ್ಪು, ಮತ್ತು ಅಪಾಯಕಾರಿ. ಅರ್ಧ ಖಾಲಿಯಿರುವ ಟ್ಯಾಂಕಿನ ಒಳಗೋಡೆಯಲ್ಲಿ ರಾತ್ರಿಯ ತಂಪಿಗೆ ನೀರಿನ ಹನಿ ಕಟ್ಟುತ್ತದೆ. ನೀರು ಡೀಸೆಲ್‌ಗಿಂತ ಭಾರ. ಹಾಗಾಗಿ ತಳಕ್ಕಿಳಿದು ನಿಲ್ಲುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಬೆಳೆಯುತ್ತವೆ. ಇವು ಡೀಸೆಲ್ಲನ್ನೇ ಆಹಾರ ಮಾಡಿಕೊಂಡು ಕಪ್ಪು ಲೋಳೆ ಬಿಡುತ್ತವೆ.

ದೋಣಿ ಬಂದರಿನಲ್ಲಿ ಕಟ್ಟಿದ್ದಾಗ ಈ ಲೋಳೆ ತಳದಲ್ಲಿ ಸುಮ್ಮನೆ ಕೂತಿರುತ್ತದೆ. ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಕಡಲು ಕೆರಳಿ ದೋಣಿ ಕುಲುಕಿದಾಗ ಲೋಳೆ ಮೇಲೆದ್ದು ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಎಂಜಿನ್ ನಿಲ್ಲುತ್ತದೆ. ಶಾಂತ ದಿನ ಕೈಕೊಡದ ಎಂಜಿನ್ ಬಿರುಗಾಳಿಯಲ್ಲೇ ಏಕೆ ಕೈಕೊಟ್ಟಿತು ಎಂದು ಹಣೆಬರಹ ಹಳಿಯುವವರಿದ್ದಾರೆ. ಬಹಳ ಸಲ ಕಾರಣ ಇಷ್ಟೇ.

ಪರಿಹಾರ ಸರಳ. ಶುದ್ಧ ಡೀಸೆಲ್ ತುಂಬಿಸಿ. ದೋಣಿ ನಿಲ್ಲಿಸಿಡುವಾಗ ಟ್ಯಾಂಕ್ ಹೆಚ್ಚು ಖಾಲಿ ಬಿಡಬೇಡಿ. ನೀರು ಬೇರ್ಪಡಿಸುವ ಫಿಲ್ಟರಿನ ತಳದ ತಿರುಪು ಸಡಿಲಿಸಿ ಆಗಾಗ ನೀರು ಇಳಿಸಿ. ಬದಲಿ ಫಿಲ್ಟರ್ ಜೊತೆಗಿರಲಿ, ಫಿಲ್ಟರ್ ಬದಲಿಸಿದ ಮೇಲೆ ಪೈಪಿನಲ್ಲಿ ಸೇರಿದ ಗಾಳಿ ತೆಗೆಯುವುದನ್ನೂ ಕಲಿತಿರಿ. "ಈ ಬಾಟಲಿ ಸುರಿದರೆ ಎಲ್ಲ ಸರಿ" ಎಂಬ ಜಾಹೀರಾತು ನಂಬಬೇಡಿ. ಔಷಧಿ ಸೂಕ್ಷ್ಮಜೀವಿಗಳನ್ನು ಕೊಲ್ಲಬಹುದು, ಸತ್ತ ಲೋಳೆಯನ್ನು ಟ್ಯಾಂಕಿನಿಂದ ಹೊರಹಾಕುವ ಕೆಲಸ ನಿಮ್ಮದೇ. ಮನೆ, ಅಂಗಡಿಗಳ ಜನರೇಟರ್‌ಗೂ ಇದೇ ಮಾತು ಅನ್ವಯ.

4. "ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಎಂಜಿನ್ ಚೆನ್ನಾಗಿರುತ್ತದೆ"

ತಪ್ಪು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹೊತ್ತುತ್ತದೆ. ಅದು ಪೂರ್ತಿ ಬಿಸಿಯಾಗದೆ, ಹೊರೆಯಿಲ್ಲದೆ ಓಡಿದರೆ ಇಂಧನ ಸರಿಯಾಗಿ ಸುಡುವುದಿಲ್ಲ. ಮಸಿ ಕಟ್ಟುತ್ತದೆ, ಆಯಿಲ್‌ಗೆ ನೀರಿನಂಶ ಸೇರುತ್ತದೆ. ಓಡಿಸುವುದಾದರೆ ಗೇರ್ ಹಾಕಿ, ಹೊರೆ ಕೊಟ್ಟು, ಪೂರ್ತಿ ಬಿಸಿಯಾಗುವವರೆಗೆ ಓಡಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ನಿಲ್ಲಿಸುವ ಮೊದಲೇ ಆಯಿಲ್ ಬದಲಿಸಿ. ಹಳೆಯ ಆಯಿಲ್‌ನಲ್ಲಿರುವ ಆಮ್ಲ, ಎಂಜಿನ್ ನಿಂತಿರುವಾಗಲೂ ಒಳಭಾಗವನ್ನು ತಿನ್ನುತ್ತಿರುತ್ತದೆ.

ಕಾರಿನ ಎಂಜಿನ್ ತಣಿಯುವುದು ರೇಡಿಯೇಟರ್‌ನಿಂದ. ದೋಣಿಯದು ಸಾಮಾನ್ಯವಾಗಿ ಕಡಲ ನೀರಿನಿಂದ. ಆ ನೀರನ್ನು ಎಳೆಯುವುದು ಇಂಪೆಲ್ಲರ್ ಎಂಬ ಅಂಗೈಗಿಂತ ಚಿಕ್ಕ ರಬ್ಬರ್ ಚಕ್ರ. ನೀರಿಲ್ಲದೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಅದರ ಎಸಳು ಹರಿಯುತ್ತದೆ. ಹರಿದ ಚೂರು ಒಳಗಿನ ಪೈಪಿನಲ್ಲಿ ಸಿಕ್ಕಿಕೊಂಡರೆ ಹೊಸ ಇಂಪೆಲ್ಲರ್ ಹಾಕಿದರೂ ಎಂಜಿನ್ ಕಾಯುತ್ತಲೇ ಇರುತ್ತದೆ. ಆದ್ದರಿಂದ ಸ್ಟಾರ್ಟ್ ಮಾಡಿದ ಕೂಡಲೇ ಹೊಗೆಕೊಳವೆಯಿಂದ ನೀರು ಚಿಮ್ಮುತ್ತಿದೆಯೇ ನೋಡುವುದು ದೋಣಿಯವರ ಮೊದಲ ಪಾಠ.

ಹೊಗೆಯ ಬಣ್ಣವೂ ಮಾತಾಡುತ್ತದೆ. ಕಪ್ಪು ಹೊಗೆ ಎಂದರೆ ಗಾಳಿ ಸಾಲದು ಅಥವಾ ಹೊರೆ ಹೆಚ್ಚು. ನೀಲಿ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಎಂದರೆ ಸುಡದ ಡೀಸೆಲ್ ಅಥವಾ ನೀರಿನ ಆವಿ. ಟ್ರ್ಯಾಕ್ಟರ್, ಲಾರಿಗಳಿಗೂ ಇದೇ ಲೆಕ್ಕ.

5. "ಫೈಬರ್ ಕೊಳೆಯದು, ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದು"

ಅರ್ಧ ನಿಜ. ಫೈಬರ್ ಕೊಳೆಯುವುದಿಲ್ಲ. ಆದರೆ ಬಹಳಷ್ಟು ಹಳೆಯ ದೋಣಿಗಳ ಮೇಲ್ಗಟ್ಟೆಯಲ್ಲಿ ಎರಡು ಫೈಬರ್ ಪದರಗಳ ನಡುವೆ ಹಗುರವಾದ ಬಾಲ್ಸಾ ಮರವಿರುತ್ತದೆ. ಸ್ಕ್ರೂ ತೂತಿನಿಂದ ನೀರು ಇಳಿದರೆ ಆ ಮರ ಕೊಳೆಯುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೊಳೆತ ಜಾಗ ಮಂಕಾಗಿ ಸದ್ದು ಮಾಡುತ್ತದೆ. ತೆಂಗಿನಕಾಯಿ ತಟ್ಟಿ ನೋಡುವ ನಮಗೆ ಈ ವಿದ್ಯೆ ಹೊಸದಲ್ಲ. ನೀರಿನೊಳಗಿನ ಹೊರಮೈಯಲ್ಲಿ ಏಳುವ ಗುಳ್ಳೆಗಳನ್ನು ಕಂಡು ಕೊಳ್ಳುವವರು ಗಾಬರಿಯಾಗುತ್ತಾರೆ. ಆದರೆ ಗುಳ್ಳೆಗಳಿಂದ ದೋಣಿ ಮುಳುಗುವುದು ಅಪರೂಪ.

ಸ್ಟೇನ್‌ಲೆಸ್ ಸ್ಟೀಲಿಗೆ ಹೊಳಪು ಉಳಿಸಿಕೊಳ್ಳಲು ಆಮ್ಲಜನಕ ಬೇಕು. ಗಾಳಿಯಾಡದ ಸಂದಿಯಲ್ಲಿ ಉಪ್ಪುನೀರು ನಿಂತರೆ ಒಳಗೊಳಗೇ ಸವೆಯುತ್ತದೆ. ಹಾಯಿಕಂಬವನ್ನು ಹಿಡಿದ ತಂತಿಗಳು ಹೊರಗೆ ಹೊಳೆಯುತ್ತಲೇ ತುದಿಯಲ್ಲಿ ತುಂಡಾಗಬಹುದು. ಇವನ್ನು 10ರಿಂದ 15 ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಸಾಮಾನ್ಯ ಸಲಹೆ.

6. "ಸತುವಿನ ತುಂಡು ಕರಗಿದೆ ಎಂದರೆ ದೋಣಿ ಹಾಳಾಗುತ್ತಿದೆ"

ತಲೆಕೆಳಗಾದ ಮಾತು. ಅದು ಕರಗುತ್ತಿರುವುದರಿಂದಲೇ ದೋಣಿ ಉಳಿದಿದೆ. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿದ್ದರೆ ಅದೇ ಒಂದು ಬ್ಯಾಟರಿ. ದುರ್ಬಲ ಲೋಹ ಕರಗುತ್ತದೆ. ಸತುವನ್ನು ಬೇಕೆಂದೇ ಬಲಿಗೆ ಇಟ್ಟರೆ ಪ್ರೊಪೆಲ್ಲರ್ ಉಳಿಯುತ್ತದೆ. 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಗೆ ಈ ಉಪಾಯ ಹೇಳಿಕೊಟ್ಟರು. ಹಡಗಿನ ತಾಮ್ರದ ಹೊದಿಕೆ ಉಳಿಯಿತು. ಆದರೆ ತಾಮ್ರ ಕರಗದೇ ಹೋದದ್ದರಿಂದ ಚಿಪ್ಪುಜೀವಿಗಳಿಗೆ ತಾಗುತ್ತಿದ್ದ ವಿಷವೂ ನಿಂತು, ಅವು ಹಡಗಿಗೆ ಮುತ್ತಿಕೊಂಡವು! ಇಂದು ಲೋಹಕ್ಕೆ ಸತು, ಚಿಪ್ಪು ತಡೆಯಲು ಬೇರೆ ಬಣ್ಣ ಎಂದು ಎರಡನ್ನೂ ಬಳಸುತ್ತಾರೆ. ಸತುವಿನ ಮೇಲೆ ಮಾತ್ರ ಬಣ್ಣ ಬಳಿಯಬಾರದು. ಬಳಿದರೆ ಅದು ಕೆಲಸ ಮಾಡದು.

ಇದೇ ಕಾರಣಕ್ಕೆ ದೋಣಿಯ ತಳದ ವಾಲ್ವ್‌ಗಳಿಗೆ ಸಾಮಾನ್ಯ ಹಿತ್ತಾಳೆ ಬೇಡ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಸತು ಕರಗಿಹೋದ ಮೇಲೆ ಗುಲಾಬಿ ಬಣ್ಣದ ಪುಡಿಪುಡಿ ತಾಮ್ರ ಉಳಿಯುತ್ತದೆ. ನೀರಿನ ಮಟ್ಟಕ್ಕಿಂತ ಎರಡು ಅಡಿ ಕೆಳಗೆ ಒಂದೂವರೆ ಇಂಚಿನ ತೂತು ಬಿದ್ದರೆ ನಿಮಿಷಕ್ಕೆ ಸುಮಾರು 140 ಲೀಟರ್ ನೀರು ಒಳನುಗ್ಗುತ್ತದೆ. ಅಂದರೆ 20 ಲೀಟರಿನ ಏಳು ಕ್ಯಾನ್. ಪ್ರತಿ ವಾಲ್ವ್ ಪಕ್ಕದಲ್ಲೂ ಒಂದು ಮರದ ಬಿರಡೆ ಕಟ್ಟಿಡುವ ಪದ್ಧತಿ ಬಂದದ್ದು ಇದಕ್ಕಾಗಿ. ಕೆಲವೇ ರೂಪಾಯಿಯ ಬಿರಡೆ ಇಡೀ ದೋಣಿಯನ್ನು ಉಳಿಸಬಲ್ಲದು.

7. "ಲೀಥಿಯಂ ಬ್ಯಾಟರಿ ಹಾಕಿ, ಮೊಬೈಲ್ ಇಟ್ಟುಕೊಳ್ಳಿ, ಬೇರೇನೂ ಬೇಡ"

ತಪ್ಪು. ಲೀಥಿಯಂ ಬ್ಯಾಟರಿ ಹಗುರ, ಬಾಳಿಕೆಯೂ ಹೆಚ್ಚು. ಆದರೆ ಅದು ಕರೆಂಟನ್ನು ಗಬಗಬ ಎಳೆಯುತ್ತದೆ. ಹಳೆಯ ಎಂಜಿನ್ನಿನ ಆಲ್ಟರ್ನೇಟರ್ ಅದಕ್ಕೆ ತಕ್ಕಂತೆ ತಯಾರಾದದ್ದಲ್ಲ, ಕಾದು ಸುಟ್ಟುಹೋಗಬಹುದು. ಬ್ಯಾಟರಿ ಬದಲಿಸಿದರೆ ಚಾರ್ಜ್ ನಿಯಂತ್ರಣವನ್ನೂ ಬದಲಿಸಬೇಕು. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದಕ್ಕೆ ಗಾಳಿಯಾಟ ಬೇಕು, ಮನೆಯ ಇನ್ವರ್ಟರ್‌ಗೆ ಬೇಕಾದ ಹಾಗೆಯೇ. ಅಡುಗೆ ಅನಿಲವೂ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲಿನಿಂದ ಹೊರಹೋಗಬಹುದು. ದೋಣಿಯ ತಳಕ್ಕೆ ಬಾಗಿಲೇ ಇಲ್ಲ. ಆದ್ದರಿಂದ ಸಿಲಿಂಡರನ್ನು, ಕಡಲಿಗೆ ತೆರೆಯುವ ತೂತಿರುವ ಪ್ರತ್ಯೇಕ ಗೂಡಿನಲ್ಲಿ ಇಡುತ್ತಾರೆ.

ಮೊಬೈಲ್? ನೆಟ್‌ವರ್ಕ್ ಇಲ್ಲದಿದ್ದರೂ ಅದರ ಜಿಪಿಎಸ್ ನೀವೆಲ್ಲಿದ್ದೀರಿ ಎಂದು ನಿಮಗೆ ಹೇಳುತ್ತದೆ. ಆದರೆ ಬಹಳಷ್ಟು ಫೋನುಗಳು ಅದನ್ನು ಬೇರೆಯವರಿಗೆ ಹೇಳಲಾರವು. ಹತ್ತಿರದ ಹಡಗಿಗೆ ಕೂಗಲು 16ನೇ ಚಾನೆಲ್ಲಿನ ವಿಎಚ್‌ಎಫ್ ರೇಡಿಯೋ ಬೇಕು. ದೂರ ಕಡಲಿನಲ್ಲಿ 406 ಮೆಗಾಹರ್ಟ್ಸ್‌ನ ತುರ್ತು ಸಂಕೇತಯಂತ್ರ ಬೇಕು. ಆ ಸಂಕೇತ ಉಪಗ್ರಹಗಳ ಮೂಲಕ ಭೂಮಿಗೆ ಇಳಿಯುತ್ತದೆ. ಭಾರತದಲ್ಲಿ ಅದನ್ನು ನಿಭಾಯಿಸುವ ಇಸ್ರೋ ಕೇಂದ್ರ ಇರುವುದು, ಕಡಲೇ ಇಲ್ಲದ ನಮ್ಮ ಬೆಂಗಳೂರಿನಲ್ಲಿ! 2018ರ ಸೆಪ್ಟೆಂಬರ್‌ನಲ್ಲಿ ಅಭಿಲಾಷ್ ಟಾಮಿ ಅವರ ದೋಣಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಉರುಳಿ, ಹಾಯಿಕಂಬ ಮುರಿದು, ಬೆನ್ನಿಗೆ ಪೆಟ್ಟಾಗಿ ಅವರು ಏಳಲಾರದೆ ಮಲಗಿದ್ದರು. ಉಪಗ್ರಹದ ಮೂಲಕ ಹೋದ ಚುಟುಕು ಸಂದೇಶಗಳಿಂದ ಜಗತ್ತಿಗೆ ಸುದ್ದಿ ತಿಳಿಯಿತು. ಕೆಲವು ದಿನಗಳಲ್ಲಿ ಫ್ರಾನ್ಸಿನ 'ಒಸಿರಿಸ್' ಹಡಗು ಅವರನ್ನು ರಕ್ಷಿಸಿತು.

ಹಾಗಾದರೆ ಹಳೆಯ ದೋಣಿ ಬೇಡವೇ?

ಹಾಗೇನಿಲ್ಲ. ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ 32 ಅಡಿಯ 'ಸುಹೈಲಿ'ಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ 1969ರ ಏಪ್ರಿಲ್ 22ರಂದು, ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದ ಮೊದಲಿಗರಾದರು. ದೋಣಿ ನಡುಗಡಲಿನಲ್ಲಿ ಸೋರಿದಾಗ ನೀರಿಗಿಳಿದು ಸಂದಿಗೆ ಹತ್ತಿ ತುಂಬಿದರು. ಅದೇ ನೆನಪಿನಲ್ಲಿ ನಡೆಯುವ ಗೋಲ್ಡನ್ ಗ್ಲೋಬ್ ಪಂದ್ಯಕ್ಕೆ 1988ಕ್ಕಿಂತ ಹಿಂದಿನ ವಿನ್ಯಾಸದ ದೋಣಿಗಳೇ ಬೇಕು. ಅಭಿಲಾಷ್ ಟಾಮಿ ಮತ್ತೆ ಹೊರಟು, 2023ರ ಏಪ್ರಿಲ್‌ನಲ್ಲಿ ಅಂಥ ದೋಣಿಯಲ್ಲೇ ಎರಡನೆಯವರಾಗಿ ಗುರಿ ತಲುಪಿದರು. ದೋಣಿಯ ವಯಸ್ಸಿಗಿಂತ ಅದನ್ನು ನೋಡಿಕೊಂಡ ರೀತಿ ಮುಖ್ಯ.

ಹಣ ಮಿತಿಯಲ್ಲಿದ್ದರೆ ಖರ್ಚಿಗೂ ಒಂದು ಕ್ರಮ ಇರಲಿ. ಮೊದಲು ನೀರು ಒಳಬರುವ ದಾರಿಗಳು: ವಾಲ್ವ್, ಪೈಪು, ಪಂಪು. ಆಮೇಲೆ ಬೆಂಕಿ: ಗ್ಯಾಸ್, ವೈರು, ಫ್ಯೂಸ್. ನಂತರ ಕಂಬದ ತಂತಿ, ಎಂಜಿನ್, ತುರ್ತು ಸಲಕರಣೆ. ಸೋಲಾರ್, ಫ್ರಿಜ್, ಹೊಸ ಪರದೆಗಳೆಲ್ಲ ಕೊನೆಗೆ. ವಿಡಿಯೋಗಳು ಬಹಳ ಸಲ ತೋರಿಸುವುದು ಇದರ ತದ್ವಿರುದ್ಧ ಕ್ರಮ. ಕೊಳ್ಳುವ ಮೊದಲು ಸ್ವತಂತ್ರ ತಜ್ಞರಿಂದ ದೋಣಿಯನ್ನು ನೀರಿನಿಂದ ಮೇಲೆತ್ತಿ ಪರೀಕ್ಷೆ ಮಾಡಿಸಿ. ಎಂಜಿನ್ ಬದಲಿಸಲೇಬೇಕಾದರೆ ಆ ಖರ್ಚು ದೋಣಿಯ ಬೆಲೆಯನ್ನೂ ಮೀರಬಹುದು.

ಇನ್ನು ಮುಂದೆ "ಅಗ್ಗಕ್ಕೆ ದೋಣಿ ಕೊಳ್ಳಿ" ಎಂಬ ವಿಡಿಯೋ ಬಂದರೆ ಮುಂದಕ್ಕೆ ಕಳಿಸಿ, ಪರವಾಗಿಲ್ಲ. ಜೊತೆಗೆ ಒಂದು ಸಾಲು ಸೇರಿಸಿ: ಗಾಳಿ ಪುಕ್ಕಟೆ, ಆದರೆ ಬಿರಡೆ, ಫಿಲ್ಟರ್, ಇಂಪೆಲ್ಲರ್ ನಾವೇ ಕೊಳ್ಳಬೇಕು.